ಅಡ್ಡ ಮಡಚಿದ ಹಾಳೆ

ನಮ್ಮ ಶಾಲೆಯಲ್ಲಿ ಕಿರುಪರೀಕ್ಷೆಗೆ ಮಕ್ಕಳಿಗೆ ಪೂರ್ತಿ ಹಾಳೆ ಕೊಡುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಅಡ್ಡ ಮಡಚಿ, ಉಗುರಿನಿಂದ ಗೆರೆ ತೀಡಿ, ಸರ್ರನೆ ಹರಿದು ಇಬ್ಬರಿಗೆ ಹಂಚುತ್ತೇವೆ. ಅಫಜಲಪುರದ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ನಾನು ಹೀಗೆ ಹಾಳೆ ಮಡಚುತ್ತ ಬಂದಿದ್ದೇನೆ. ಕೈಗೆ ಹಾಳೆ ಬಂದರೆ ಸಾಕು, ತಲೆಯನ್ನು ಕೇಳದೆ ಕೈ ಅಡ್ಡ ಮಡಚುತ್ತದೆ. ಈ ಕೈಗುಣದಿಂದ ಒಂದು ಹಳ್ಳಿಯ ಪಂಚಾಯಿತಿ ಚುನಾವಣೆ ಕೋರ್ಟಿನ ಮೆಟ್ಟಿಲು ಹತ್ತಿತು. ನನ್ನ ಪಕ್ಕ ಕೂತು ಉಣ್ಣುತ್ತಿದ್ದ ಒಬ್ಬಳೇ ಒಬ್ಬ ಗೆಳತಿಯೂ ನನಗೆ ಇಲ್ಲದಾದಳು.

ನಾನು ಆಳಂದ ತಾಲೂಕಿನ ನಿಂಬರ್ಗಾದವಳು. ಮನೆಯಲ್ಲಿ ಆಡುವುದು ಉರ್ದು, ಶಾಲೆಯಲ್ಲಿ ಕಲಿಸುವುದು ಕನ್ನಡ. ಮದುವೆಯ ಮಾತು ಬಂದವು, ಹೋದವು. ಬಂದವರಿಗಿಂತ ಹೋದವರ ಬಗ್ಗೆಯೇ ನನಗೆ ಹೆಚ್ಚು ಗೌರವ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿ. ಸಂಜೆ ಐದಕ್ಕೆ ಶಾಲೆಯ ಗೇಟು ಮುಚ್ಚಿದರೆ ಮರುದಿನ ಪ್ರಾರ್ಥನೆಯ ಗಂಟೆ ಹೊಡೆಯುವ ತನಕ ನಾನು ಯಾರ ಜೊತೆಯೂ ಮಾತಾಡದ ದಿನಗಳು ಬಹಳ ಇದ್ದವು. ಹಾಗಾಗಿ ದಿನದಲ್ಲಿ ಒಮ್ಮೆ, ಮಧ್ಯಾಹ್ನದ ಊಟದ ಅರ್ಧ ತಾಸು ನನ್ನ ಪಾಲಿಗೆ ದೊಡ್ಡದಾಗಿತ್ತು.

ಗೆಳತಿ ಅಂದೆನಲ್ಲ, ಅವಳು ನಮ್ಮ ಶಾಲೆಯ ಗಣಿತದ ಟೀಚರು. ನನಗಿಂತ ಐದು ವರ್ಷ ಚಿಕ್ಕವಳು. ಅವಳ ತವರು ಇದೇ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಹನ್ನೊಂದು ವರ್ಷ ನಾವಿಬ್ಬರೂ ಬೇವಿನ ಗಿಡದ ಕೆಳಗಿನ ಹಾಸುಗಲ್ಲಿನ ಮೇಲೆ ಕೂತು ಉಂಡಿದ್ದೇವೆ. ಅವಳದು ಜೋಳದ ರೊಟ್ಟಿ, ಶೇಂಗಾ ಹಿಂಡಿ. ನನ್ನದು ಹೆಚ್ಚಾಗಿ ಖಿಚಡಿ, ಹುಣಸೆ ಹುಳಿಯ ಖಟ್ಟಾ. ಡಬ್ಬಿ ಬಿಚ್ಚಿದ ಕೂಡಲೇ ಅವಳು ಮೊದಲ ರೊಟ್ಟಿಯನ್ನು ಮುರಿದು ಅರ್ಧವನ್ನು ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದಳು. ಬೇಕೋ ಬೇಡವೋ ಕೇಳುತ್ತಿರಲಿಲ್ಲ. ನಾವು ಜಗಳಾಡಿದ ದಿನವೂ ಆ ಅರ್ಧ ರೊಟ್ಟಿ ತಪ್ಪುತ್ತಿರಲಿಲ್ಲ.

ಆ ಸಲ ಗ್ರಾಮ ಪಂಚಾಯಿತಿ ಚುನಾವಣೆಗೆ ನನ್ನ ಡ್ಯೂಟಿ ಹಾಕಿದರು. ಯಾವ ಊರು ಎಂದು ಗೊತ್ತಾಗುವುದು ಹಿಂದಿನ ದಿನ, ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತುವ ಹೊತ್ತಿಗೆ. ನೋಡಿದರೆ ಅವಳದೇ ತವರೂರು. ಅಲ್ಲಿ ಮಹಿಳಾ ಮೀಸಲು ಸ್ಥಾನಕ್ಕೆ ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ನಿಂತಿದ್ದಳು. ಸಂಬಂಧಿಕರಿದ್ದರೆ ಡ್ಯೂಟಿ ಬದಲಿಸಿಕೊಡುತ್ತಾರೆ. ಗೆಳೆತನಕ್ಕೆ ಅರ್ಜಿಯ ನಮೂನೆ ಇಲ್ಲ. ನಾನು ಬಸ್ಸು ಹತ್ತಿದೆ.

ಪಂಚಾಯಿತಿ ಚುನಾವಣೆಗೆ ಪಕ್ಷ ಇಲ್ಲ ಎಂದು ಕಾಗದ ಹೇಳುತ್ತದೆ. ಊರಿನಲ್ಲಿ ಕೇಳಿದರೆ ಎಮ್ಮೆ ಕೂಡ ತನ್ನ ಪಕ್ಷ ಹೇಳೀತು. ಮತಪತ್ರದಲ್ಲಿ ನಾಲ್ಕು ಹೆಸರು. ಎಲ್ಲಕ್ಕಿಂತ ಮೇಲೆ ಗೆಳತಿಯ ವೈನಿ, ಗುರುತು ಹೊಲಿಗೆ ಮಷೀನು. ಎಲ್ಲಕ್ಕಿಂತ ಕೆಳಗೆ ಅವಳ ಎದುರಾಳಿ, ಗುರುತು ಛತ್ರಿ. ನಡುವಿನ ಇಬ್ಬರು ಹೆಸರಿಗಷ್ಟೇ.

ನನ್ನ ಕೆಲಸ ಮತಪತ್ರವನ್ನು ಮಡಚಿ ಗೆರೆ ಮೂಡಿಸಿ, ಮತ್ತೆ ಬಿಚ್ಚಿ ಮತದಾರರ ಕೈಗೆ ಕೊಡುವುದು. ಮುದ್ರೆ ಒತ್ತಿದ ಮೇಲೆ ಅವರು ಅದೇ ಗೆರೆಯ ಮೇಲೆ ಮಡಚಿ ಪೆಟ್ಟಿಗೆಗೆ ಹಾಕುತ್ತಾರೆ. ತರಬೇತಿಯಲ್ಲಿ ಸಾರಿ ಸಾರಿ ಹೇಳಿದ್ದರು, ಮೊದಲು ಉದ್ದಕ್ಕೆ ಮಡಚಬೇಕು ಎಂದು. ಉದ್ದಕ್ಕೆ ಮಡಚಿದರೆ ಹಸಿ ಮಸಿ ಅದೇ ಸಾಲಿನ ಹೆಸರಿಗೆ ತಾಗುತ್ತದೆ, ಏನೂ ಕೆಡುವುದಿಲ್ಲ. ಅಡ್ಡ ಮಡಚಿದರೆ ಮೇಲಿನವರಿಗೆ ಒತ್ತಿದ ಮಸಿ ಕೆಳಗಿನವರ ಮೇಲೆ ಕೂರುತ್ತದೆ, ಕೆಳಗಿನದು ಮೇಲಕ್ಕೆ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಕೈಗೆ ಬಾಯಿಪಾಠ ಇರಲಿಲ್ಲ.

ಬೆಳಿಗ್ಗೆ ಏಳಕ್ಕೇ ಒಂದು ಓಣಿಯ ಹೆಣ್ಣುಮಕ್ಕಳು ಸಾಲುಗಟ್ಟಿ ಬಂದರು. ಹತ್ತಿ ಬಿಡಿಸಲು ಹೋಗುವವರು, ಎಂಟಕ್ಕೆ ಟೆಂಪೊ ಹಿಡಿಯಬೇಕು. ಆ ಓಣಿ ಛತ್ರಿಯವರದು, ಅಜ್ಜಂದಿರ ಕಾಲದಿಂದ ಅವರದೇ ಎಂದು ಊರಿಗೆಲ್ಲ ಗೊತ್ತು. ನಾನು ಅವಸರದಲ್ಲಿ ಹಾಳೆ ಮೇಲೆ ಹಾಳೆ ಮಡಚಿ ಕೊಟ್ಟೆ. ಸುಮಾರು ಒಂದು ತಾಸಾದ ಮೇಲೆ ಮತಗಟ್ಟೆಯ ಮುಖ್ಯ ಅಧಿಕಾರಿ ನನ್ನ ಮೇಜಿನ ಹತ್ತಿರ ಬಂದು ನೋಡಿದವರೇ ಹಣೆ ಚಚ್ಚಿಕೊಂಡರು.

"ಏನ್ರಿ ಟೀಚರ್ರಿ, ಇದೇನ್ ಪರೀಕ್ಷಾ ಹಾಳಿ ಅಂತ ತಿಳ್ಕೊಂಡೀರೇನು? ಉದ್ದಕ್ಕ ಮಡಚ್ರಿ!"

ಬೂತಿನಲ್ಲಿದ್ದವರೆಲ್ಲ ನಕ್ಕರು. ಛತ್ರಿ ಕಡೆಯ ಏಜೆಂಟ ಮಾತ್ರ ನಗದೆ ನನ್ನ ಕೈಯನ್ನೇ ನೋಡಿದ. ಅಲ್ಲಿಂದ ಮುಂದೆ ಉದ್ದಕ್ಕೆ ಮಡಚಿದೆ. ಅಧಿಕಾರಿ ಇದನ್ನು ತಮ್ಮ ಡೈರಿಯಲ್ಲಿ ಬರೆಯಲಿಲ್ಲ. ನನ್ನನ್ನು ಕಾಪಾಡಲೆಂದೇ ಬರೆಯಲಿಲ್ಲ ಎಂದು ಆಗ ಅಂದುಕೊಂಡಿದ್ದೆ.

ಮರುದಿನ ಊಟಕ್ಕೆ ಕೂತಾಗ ಈ ಕಥೆಯನ್ನು ಗೆಳತಿಗೆ ಹೇಳಿದೆ. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ದಿನ ನಾನು ಆಡಿದ್ದು ಅಂಥ ಮಾತು.

ಎಣಿಕೆಯ ದಿನ ವೈನಿ ಮೂರು ಮತದಿಂದ ಗೆದ್ದಳು. ಹನ್ನೊಂದು ಮತಪತ್ರ ತಿರಸ್ಕೃತವಾದವು. ಹನ್ನೊಂದರಲ್ಲೂ ಎರಡೆರಡು ಗುರುತು, ಮೇಲೊಂದು, ಕೆಳಗೊಂದು. ಎಣಿಕೆಯ ಮೇಜಿನ ಸುತ್ತ ಆ ಹೊತ್ತಿಗೆ ಎಷ್ಟು ಗದ್ದಲವಿತ್ತೆಂದರೆ ಯಾವುದು ಒತ್ತಿದ್ದು, ಯಾವುದು ಮಡಿಕೆಯಿಂದ ಅಂಟಿದ್ದು ಎಂದು ನೋಡುವ ಸಹನೆ ಯಾರಿಗೂ ಉಳಿದಿರಲಿಲ್ಲವಂತೆ. ಮೂರಕ್ಕೆ ಗೆಲುವು, ಹನ್ನೊಂದು ಕಸದಲ್ಲಿ. ಲೆಕ್ಕ ಬರದವನಿಗೂ ಅರ್ಥವಾಗುವಂಥದ್ದು.

ಗೆಳತಿ ಮರುದಿನ ಹಾಸುಗಲ್ಲಿಗೆ ಪೇಡೆ ತಂದಿದ್ದಳು. ನನ್ನ ಬಾಯಿಗೆ ತಾನೇ ಒಂದು ತುರುಕಿ, ನನ್ನ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಪುಣ್ಯಾತ್ಗಿತ್ತಿ, ನಿನ್ನ ಕೈ ಭಾಳ ಚಲೋ ಅದ ಬೇ. ಮುಂಜಾನಿ ಬಂದವ್ರೆಲ್ಲ ಆ ಓಣಿಯವ್ರೇ ಅಲ್ಲೇನು? ಹನ್ನೊಂದೂ ಛತ್ರಿವೇ."

ಅವಳು ತಮಾಷೆಗೆ ಹೇಳಿದ್ದು. ನಾನು ಕೈ ಬಿಡಿಸಿಕೊಂಡೆ.

ಛತ್ರಿಯವರು ಸುಮ್ಮನಿರುತ್ತಾರೆಯೇ? ಮರು ಎಣಿಕೆ ಕೇಳಿದರು. ಆಯಿತು, ಬಂದದ್ದು ಅದೇ ಲೆಕ್ಕ, ತಿರಸ್ಕೃತವಾದವನ್ನು ಬಿಚ್ಚಿ ನೋಡಲಿಲ್ಲ. ಆಮೇಲೆ ಕೋರ್ಟಿಗೆ ಹೋದರು. ಆ ಹನ್ನೊಂದನ್ನು ಮತ್ತೆ ಪರಿಶೀಲಿಸಬೇಕು ಎಂಬುದು ಅವರ ಅರ್ಜಿ. ಒಂದೂ ಮುಟ್ಟಬಾರದು, ಜನರ ತೀರ್ಪಿನ ಮೇಲೆ ಅನುಮಾನ ಪಡುವುದೇ ಜನರಿಗೆ ಅವಮಾನ ಎಂಬುದು ಹೊಲಿಗೆ ಮಷೀನಿನವರ ವಾದ. ಹಿಂದಿನ ಸಲ ಇದೇ ಎರಡು ಪಕ್ಷಗಳು ಇದೇ ಎರಡು ಮಾತನ್ನು ಅದಲುಬದಲಾಗಿ ಆಡಿದ್ದವು ಎಂದು ನಮ್ಮ ಹೆಡ್‌ಮಾಸ್ತರರು ಹೇಳಿದರು. ಸೋತವರಿಗೆ ಲೆಕ್ಕ ಬೇಕು, ಗೆದ್ದವರಿಗೆ ಗೌರವ ಬೇಕು.

ಸೀಲು ಮಾಡಿದ ಮತಪತ್ರದ ಕಟ್ಟನ್ನು ಬರೀ ಅನುಮಾನಕ್ಕೆ ಬಿಚ್ಚುವುದಿಲ್ಲ, ಗಟ್ಟಿ ಕಾರಣ ಬೇಕು. ಏಜೆಂಟ ತಾನು ನೋಡಿದ್ದನ್ನು ಹೇಳಿದ. ಅವನು ಸೋತವರ ಕಡೆಯವನು, ಅವನ ಮಾತಿಗೆ ತೂಕ ಎಷ್ಟು? ಮುಖ್ಯ ಅಧಿಕಾರಿ ಸಾಕ್ಷಿಗೆ ಬಂದು "ನನಗ ನೆನಪಿಲ್ಲ" ಎಂದು ಹೇಳಿ ಹೋದರು. ಉಳಿದವಳು ನಾನು. ನಾನು ಹೌದು ಎಂದರೆ ಕಟ್ಟು ಬಿಚ್ಚುತ್ತದೆ. ನಾನೂ ನೆನಪಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಸಮನ್ಸು ಶಾಲೆಗೇ ಬಂತು.

ಆಗ ಶುರುವಾಯಿತು ನನ್ನ ಖೋಲಿಗೆ ಜನ ಬರುವುದು. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಯವರೂ ಹಣಕಿ ಹಾಕದ ಮನೆಗೆ ವಾರಕ್ಕೆ ಎರಡು ಸಲ ಬಿಳಿ ಅಂಗಿಯವರು. ಗೆದ್ದವರ ಕಡೆಯವರು ಬಂದು, ಆಳಂದ ಕಡೆಗೆ ವರ್ಗ ಮಾಡಿಸಿಕೊಡುತ್ತೇವೆ, ಎಷ್ಟು ವರ್ಷ ಹೀಗೆ ಒಬ್ಬರೇ ಇರ್ತೀರಿ ಎಂದರು. ಸೋತವರ ಕಡೆಯವರು ಬಂದು, ನಿಮ್ಮಂಥ ಪ್ರಾಮಾಣಿಕರಿಂದಲೇ ದೇಶ ನಡೆದಿದೆ ಎಂದು ಹೊಗಳಿ, ಹೊರಡುವಾಗ ಬಾಗಿಲಲ್ಲಿ ನಿಂತು, ಹೇಳದಿದ್ದರೆ ಇಲಾಖೆಗೆ ಬರೆಯುತ್ತೇವೆ ಎಂದರು. ನನ್ನ ಹೆಸರು ಕೇಳಿಯೇ ನಾನು ಯಾರ ಕಡೆಯವಳು ಎಂದು ಎರಡೂ ಕಡೆಯವರು ಮೊದಲೇ ಎಣಿಸಿಟ್ಟಿದ್ದರು. ನಾನು ಯಾರಿಗೆ ಓಟು ಹಾಕುತ್ತೇನೆ ಎಂದು ನನ್ನ ಅಮ್ಮನಿಗೂ ಹೇಳಿದವಳಲ್ಲ. ಇಬ್ಬರಿಗೂ ಒಂದೇ ಸಕ್ಕರೆಯ ಚಹಾ ಕೊಟ್ಟು ಕಳಿಸಿದೆ.

ಒಂದು ರವಿವಾರ ಆ ಮುಖ್ಯ ಅಧಿಕಾರಿಯನ್ನು ನೋಡಲು ನೆಲೋಗಿಗೆ ಹೋದೆ. ಅವರು ಅಷ್ಟರಲ್ಲಿ ನಿವೃತ್ತರಾಗಿ ತಮ್ಮ ಊರು ಸೇರಿದ್ದರು. ಎರಡು ಬಸ್ಸು ಬದಲಿಸಿ, ಜೇವರ್ಗಿಯಲ್ಲಿ ಒಂದು ತಾಸು ಕಾದು, ಬಿಸಿಲಲ್ಲಿ ಮನೆ ಹುಡುಕಿಕೊಂಡು ಹೋದೆ. ಅವರೊಬ್ಬರು ನೆನಪು ಮಾಡಿಕೊಂಡರೆ ನಾನೊಬ್ಬಳೇ ನಿಲ್ಲಬೇಕಾಗುವುದಿಲ್ಲ ಎಂಬ ಆಸೆ. ಅವರು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದರು. ಪ್ರೀತಿಯಿಂದಲೇ ಮಾತಾಡಿಸಿದರು.

"ಬರ್ರಿ ಟೀಚರ್ರಿ, ಕೂಡ್ರಿ. ನನಗ ಎಲ್ಲಾ ನೆನಪದ. ನಿಮ್ಮ ಮುಂದ ಯಾಕ ಸುಳ್ಳು ಹೇಳ್ಲಿ? ಆದ್ರ ಡೈರಿದಾಗ ಬರೀಲಿಲ್ಲ ಅಂತ ನನ್ನ ಪಿಂಚಣಿಗೇ ಕಲ್ಲು ಬೀಳ್ತದ. ನೀವೂ ಮರ್ತು ಬಿಡ್ರಿ. ಮರ್ತವ್ರಿಗಿ ಯಾರೂ ಏನೂ ಮಾಡೂದಿಲ್ಲ."

ಅವರ ಹೆಂಡತಿ ಚೀಲದಲ್ಲಿ ಒಂದಿಷ್ಟು ತೊಗರಿ ಬೇಳೆ ಹಾಕಿ ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಆ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಅತ್ತೆ. ಸಿಟ್ಟಿಗೆ ಅತ್ತದ್ದು. ಪಕ್ಕದಲ್ಲಿ ಕೂತ ಮುದುಕಿ, ಊರಲ್ಲಿ ಯಾರಾದರೂ ತೀರಿಕೊಂಡರೇನು ತಾಯಿ ಎಂದು ಕೇಳಿದಳು.

ಈ ಎಲ್ಲ ದಿನ ಗೆಳತಿ ಕೋರ್ಟಿನ ಸುದ್ದಿ ಎತ್ತಿರಲಿಲ್ಲ. ಅರ್ಧ ರೊಟ್ಟಿ ಮುಚ್ಚಳದ ಮೇಲೆ ಬೀಳುತ್ತಲೇ ಇತ್ತು. ಸಾಕ್ಷಿಗೆ ಎರಡು ದಿನ ಇರುವಾಗ ಅವಳು ಡಬ್ಬಿ ಬಿಚ್ಚದೆ ಕೂತಳು.

"ಸುಳ್ಳು ಹೇಳು ಅಂತ ನಾ ಹೇಳಾಕತ್ತಿಲ್ಲ. ನೆನಪಿಲ್ಲ ಅನ್ನು, ಅಷ್ಟ. ಹಾವೂ ಸಾಯೂದಿಲ್ಲ, ಕೋಲೂ ಮುರಿಯೂದಿಲ್ಲ."

"ನಿನಗ ನಾನೇ ಹೇಳೇನಲ್ಲ. ನನಗ ನೆನಪಿರೂದು ನಿನಗ ಗೊತ್ತದ."

"ನನಗ ಗೊತ್ತಿದ್ರ ಏನಾತು? ನಾ ಏನ್ ಜಜ್ಜೇನು? ನಮ್ಮ ವೈನಿ ಅಡಗಿ ಮನಿ ಬಿಟ್ಟು ಮೊದಲ ಸಲ ಹೊರಗ ಬಂದಾಳ. ಮೂರ್ ದಿನ ಅತ್ತಿದ್ದಳು ನಿಲ್ಲೂದಿಲ್ಲ ಅಂತ. ಈಗ ಕುರ್ಚಿ ಮ್ಯಾಲ ಕೂಡ್ಲಿಕ್ಕಿ ಕಲ್ತಾಳ. ನೀ ಅಕೀನ ಎಬ್ಬಿಸ್ತೀಯೇನು?"

ನನಗೆ ಹೇಳಲು ಇತ್ತು. ಆ ಹನ್ನೊಂದು ಹೆಂಗಸರು ಹೊಲಕ್ಕೆ ಹೋಗುವ ಮೊದಲು ಸಾಲಲ್ಲಿ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು, ಯಾರದೋ ಹೆಸರಿನ ಮುಂದೆ ಮುದ್ರೆ ಒತ್ತಿದ್ದರು. ನನ್ನ ಕೈ ಅದನ್ನು ಅಳಿಸಿತ್ತು. ಆ ಕೈಯಿಂದಲೇ ನಾನು ದಿನಾ ಉಣ್ಣುತ್ತಿದ್ದೆ. ಇದನ್ನು ಹೇಳಿದ್ದರೆ ಅವಳಿಗೆ ಅರ್ಥವಾಗುತ್ತಿತ್ತೋ ಏನೋ. ಹೇಳುವ ಹೊತ್ತಿಗೆ ಗಂಟೆ ಹೊಡೆಯಿತು. ಅವಳು ಡಬ್ಬಿ ಬಿಚ್ಚದೆಯೇ ಎದ್ದು ಹೋದಳು.

ಕೋರ್ಟಿನಲ್ಲಿ ನಾನು ಹೌದು ಎಂದೆ. ಮೊದಲ ಒಂದು ತಾಸು ಅಡ್ಡ ಮಡಚಿ ಕೊಟ್ಟೆ, ತಪ್ಪು ನನ್ನದು ಎಂದೆ. ಗೆದ್ದವರ ಕಡೆಯ ವಕೀಲರು ಎದ್ದು ನಿಂತು, ಇಷ್ಟು ತಿಂಗಳ ಮೇಲೆ ಹೇಗೆ ನೆನಪಿದೆ, ಯಾರು ಹೇಳಿಕೊಟ್ಟರು ಎಂದು ಕೇಳಿದರು. ಉತ್ತರ ಕೊಡುವ ಮೊದಲೇ ಒಂದು ಬಿಳಿ ಹಾಳೆಯನ್ನು ನನ್ನ ಕೈಗೆ ಹಿಡಿಸಿ, ತೋರಿಸಿ ನೋಡೋಣ, ಮತಪತ್ರ ಮಡಚುವುದು ಹೇಗೆ ಎಂದು ನಿಮಗೆ ತರಬೇತಿ ಆಗಿತ್ತಲ್ಲ ಎಂದರು. ನಾನು ಜಡ್ಜರ ಕಡೆ ನೋಡುತ್ತ, ತರಬೇತಿ ಆಗಿತ್ತು ಸಾಹೇಬರೆ ಎನ್ನುತ್ತಿದ್ದೆ. ಹಿಂದೆ ಕೂತವರು ಗೊಳ್ಳನೆ ನಕ್ಕರು. ಕೆಳಗೆ ನೋಡಿದರೆ ಹಾಳೆಯನ್ನು ಅಡ್ಡ ಮಡಚಿ, ಉಗುರಿನಿಂದ ಗೆರೆಯನ್ನೂ ತೀಡಿದ್ದೆ. ವಕೀಲರು ಆ ಹಾಳೆಯನ್ನು ನಿಧಾನಕ್ಕೆ ವಾಪಸು ತೆಗೆದುಕೊಂಡು ಕೂತರು.

ಮರುದಿನ ಮಧ್ಯಾಹ್ನ ಗೆಳತಿ ಬೇವಿನ ಗಿಡದ ಕೆಳಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಉಳಿದವರ ಜೊತೆ ಕೂತಳು. ಯಾರೂ ನನ್ನನ್ನು ಬಯ್ಯಲಿಲ್ಲ. ಕರೆಯಲೂ ಇಲ್ಲ. ಇಲಾಖೆಯಿಂದ ನೋಟಿಸು ಬಂತು, ಉತ್ತರ ಬರೆದೆ. ಖೋಲಿಗೆ ಬರುತ್ತಿದ್ದ ಬಿಳಿ ಅಂಗಿಯವರೂ ಬರುವುದನ್ನು ನಿಲ್ಲಿಸಿದರು. ಅವರಿಗೆ ನನ್ನಿಂದ ಆಗುವುದು ಮುಗಿದಿತ್ತು. ಆಳಂದದಲ್ಲಿ ಅಣ್ಣನ ಜೊತೆ ಇದ್ದ ಅಮ್ಮ ಫೋನಿನಲ್ಲಿ, ಸರಿ ಮಾಡಿದೆ ಎಂದಳು. ಆಮೇಲೆ, ಊಟ ಮಾಡುತ್ತೀಯಲ್ಲ ಎಂದು ಕೇಳಿದಳು. ಮಾಡುತ್ತೇನೆ ಎಂದೆ. ಹಾಸುಗಲ್ಲಿನ ಮೇಲೆ ಒಬ್ಬಳೇ ಕೂತರೆ ಕಲ್ಲು ಎಷ್ಟು ಉದ್ದ ಇದೆ ಎಂದು ಗೊತ್ತಾಗುತ್ತದೆ. ಅಭ್ಯಾಸಬಲದಿಂದ ಮುಚ್ಚಳವನ್ನು ಮಾತ್ರ ಬಲಗಡೆ, ಅವಳು ಕೂರುತ್ತಿದ್ದ ಕಡೆಯೇ ಇಡುತ್ತಿದ್ದೆ.

ಕಟ್ಟು ಬಿಚ್ಚಲು ಆದೇಶವಾಯಿತು. ಎರಡೂ ಕಡೆಯವರ ಎದುರಿಗೆ ಹನ್ನೊಂದನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರಂತೆ. ಮುದ್ರೆಯಲ್ಲಿ ಬಾಣಗಳು ಒಂದು ದಿಕ್ಕಿಗೆ ತಿರುಗಿರುತ್ತವೆ. ಒತ್ತಿದ್ದಾದರೆ ಆ ದಿಕ್ಕು, ಅಂಟಿದ್ದಾದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಹಾಗಾಗಿ ನೋಡುವವರಿಗೆ ಮೋಸವಿಲ್ಲ. ಸುದ್ದಿಯನ್ನು ನನಗೆ ಹೇಳಿದ್ದು ನಮ್ಮ ಬಿಸಿಯೂಟದ ಅಡುಗೆಯವಳು, ಸೌಟು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು.

"ಟೀಚರ್ರಿ, ಹನ್ನೊಂದ್ರಾಗ ಒಂಬತ್ತು ಹೊಲಿಗಿ ಮಷೀನು! ಛತ್ರಿಗಿ ಎರಡ! ಮೂರರ ಗೆಲುವು ಹತ್ತು ಆತಂತ್ರಿ!"

ಅಜ್ಜಂದಿರ ಕಾಲದಿಂದ ಛತ್ರಿಯವರದಾಗಿದ್ದ ಓಣಿಯ ಹೆಣ್ಣುಮಕ್ಕಳು ಹೊಲಿಗೆ ಮಷೀನಿಗೆ ಒತ್ತಿದ್ದರು. ಅದನ್ನು ಬಚ್ಚಿಡಲು ಹೊಲಿಗೆ ಮಷೀನಿನವರು ವಕೀಲರನ್ನು ಇಟ್ಟಿದ್ದರು. ಬಯಲಿಗೆ ತರಲು ಛತ್ರಿಯವರು ಹೋರಾಡಿದ್ದರು. ನಗು ಬಂತು ನನಗೆ, ತಿಂಗಳುಗಳ ಮೇಲೆ ಮೊದಲ ಸಲ. ಸಂಜೆಯೊಳಗೆ ಪಟಾಕಿ ಹೊಡೆದರು. ಗೆದ್ದೆತ್ತಿನ ಬಾಲ ಹಿಡಿಯುವವರು ಬಜಾರಿನಲ್ಲಿ ನನ್ನನ್ನು ಕಂಡು "ನಮ್ಮ ಟೀಚರು" ಎಂದು ಕೈ ಮುಗಿದರು. ಛತ್ರಿಯವರು, ಟೀಚರನ್ನು ಮೊದಲೇ ಬುಕ್ ಮಾಡಿದ್ದರು ಎಂದು ಹಬ್ಬಿಸಿದರು.

ಆ ವಾರ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಗುರುತಿಸಿದಳು. ಆ ಓಣಿಯವಳು, ಆ ದಿನ ಸಾಲಿನಲ್ಲಿ ಇದ್ದವಳಂತೆ. ನಿಮ್ಮ ಓಟು ಕೋರ್ಟು ತನಕ ಹೋಯಿತಲ್ಲ ಅಕ್ಕ, ಮೊದಲೇ ಹೇಳಿದ್ದರೆ ಇಷ್ಟು ಜಗಳವೇ ಇರುತ್ತಿರಲಿಲ್ಲವಲ್ಲ ಎಂದು ನಕ್ಕೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಓಟು ಯಾರದು ಅಂತ ಎರಡೂ ಕಡಿ ಮಂದಿ ತಾವ ಹೇಳ್ಕೋಂತ ತಿರಗ್ಯಾರ್ರಿ. ನಮಗ ಯಾರ್ ಕೇಳ್ಯಾರ್ರಿ?"

ಮರುದಿನ ಗೆಳತಿ ಶಾಲೆಗೆ ಪೇಡೆಯ ಬುಟ್ಟಿ ತಂದಿದ್ದಳು. ಎಲ್ಲರಿಗೂ ಒಂದೊಂದು ಕೊಟ್ಟಳು, ನನಗೂ ಒಂದು, ಕೈಗೆ. ನನ್ನ ಮನಸ್ಸು ಹುಚ್ಚುಚ್ಚಾಗಿ ಕುಣಿಯಿತು. ಇನ್ನೇನಿದೆ ಮುನಿಸಿಗೆ? ಅವಳ ವೈನಿಯ ಕುರ್ಚಿ ಮೊದಲಿಗಿಂತ ಗಟ್ಟಿಯಾಗಿದೆ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಹೋಗಿ ಕಲ್ಲನ್ನು ಸೆರಗಿನಿಂದ ಝಾಡಿಸಿ ಕೂತೆ. ಡಬ್ಬಿ ಬಿಚ್ಚಲಿಲ್ಲ, ಕಾದೆ. ಅವಳು ಬಂದಳು. ಬರಿಗೈಯಲ್ಲಿ ಬಂದು ಎದುರಿಗೆ ನಿಂತಳು.

"ಒಂದ್ ಮಾತು ಕೇಳ್ತೇನಿ, ಖರೇ ಹೇಳು. ನೀ ಕೋರ್ಟಿನಾಗ ಹೌದು ಅಂದಾಗ ಅವು ನಮ್ಮವ ಅಂತ ನಿನಗ ಗೊತ್ತಿತ್ತೇನು?"

ಎಷ್ಟು ಸುಲಭವಿತ್ತು. ಅಂದಾಜು ಇತ್ತು ಎಂದಿದ್ದರೆ ಸಾಕಿತ್ತು. ಆ ಹೆಂಗಸರ ಮುಖ ನೋಡಿಯೇ ನನಗೆ ಗೊತ್ತಾಗಿತ್ತು ಎಂದಿದ್ದರೆ ಅವಳು ನಂಬುತ್ತಿದ್ದಳು, ನಂಬಲೆಂದೇ ಬಂದಿದ್ದಳು. ಅವಳ ಕಣ್ಣಲ್ಲಿ ಅದು ಕಾಣುತ್ತಿತ್ತು.

"ಇಲ್ಲ," ಎಂದೆ. "ಛತ್ರಿವೇ ಅಂತ ತಿಳ್ಕೊಂಡಿದ್ದೆ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗಾದ್ರ ನೀ ನಮ್ಮನ್ನ ಸೋಲಸಾಕ ಹೌದಂದಿ. ಲೆಕ್ಕ ನಮ್ಮ ಕಡಿ ಬಂತು, ಅದು ಬ್ಯಾರೆ ಮಾತು. ನೀ ಬರ್ಲಿಲ್ಲ."

ಹೀಗೆ ಹೇಳಿ ಹೋದಳು. ನಾನು ಸೋಲಿಸಲೆಂದು ಹೇಳಿದ್ದಲ್ಲ, ಅದು ಅವಳಿಗೂ ಗೊತ್ತು. ಆದರೆ ಅವಳ ಕಡೆಯವರು ಸೋತರೂ ಸರಿ ಎಂದುಕೊಂಡೇ ಹೇಳಿದ್ದು. ಅದನ್ನು ಯಾವ ಮರು ಎಣಿಕೆಯೂ ತಿದ್ದುವುದಿಲ್ಲ. ಮತ್ತೆ ಕೇಳಿದರೂ ಕೋರ್ಟಿನಲ್ಲಿ ಅದನ್ನೇ ಹೇಳುತ್ತೇನೆ, ಗಿಡದ ಕೆಳಗೂ ಅದನ್ನೇ ಹೇಳುತ್ತೇನೆ. ಆ ದಿನ ಡಬ್ಬಿ ಬಿಚ್ಚಿ, ಮುಚ್ಚಳವನ್ನು ಬಲಗಡೆ ಇಡಲು ಹೋದ ಕೈಯನ್ನು ತಡೆದು, ಎಡಗಡೆ ಇಟ್ಟುಕೊಂಡು ಉಂಡೆ.